ಮಂಗಳೂರಲ್ಲಿ ರೂಮು ಎಲ್ಲಿ ಮಾಡಬೇಕು?

ಚನ್ನಗಿರಿ ತಾಲ್ಲೂಕು ಉಬ್ರಾಣಿ ಹೋಬಳಿಯ ತೋಟಗಳಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ, ಅಥವಾ ಫಸಲನ್ನು ಖೇಣಿಗೆ ಕೊಟ್ಟು ಕೈ ಬಿಡುವಾದ ಮೇಲೆ, ಮನೆಗಳಲ್ಲಿ ಘಟ್ಟದ ಕೆಳಗಿನ ಮಾತು ಶುರುವಾಗುತ್ತದೆ. ಧರ್ಮಸ್ಥಳದ ಹರಕೆ ಬಾಕಿ ಇರುತ್ತದೆ. ಮಕ್ಕಳು ಸಮುದ್ರ ನೋಡಬೇಕು ಎಂದು ಹಟ ಹಿಡಿದಿರುತ್ತಾರೆ. ಮಂಗಳೂರಲ್ಲೋ ಮೂಡುಬಿದಿರೆಯಲ್ಲೋ ಪಿಯುಸಿ ಓದುತ್ತಿರುವ ಮಗಳನ್ನು ನೋಡಿ ಬರಬೇಕಿರುತ್ತದೆ. ಇವೆಲ್ಲ ಬಿಡುವು ನೋಡಿಕೊಂಡು ಹೋಗುವ ಪ್ರಯಾಣಗಳು. ಬಿಡುವು ಇರಲಿ ಬಿಡಲಿ ಹೊರಡಲೇಬೇಕಾದ ಪ್ರಯಾಣವೂ ಒಂದಿದೆ. ಚನ್ನಗಿರಿಯಲ್ಲೋ ಶಿವಮೊಗ್ಗದಲ್ಲೋ ಡಾಕ್ಟರು ಚೀಟಿ ಬರೆದು, ‘ಇದನ್ನ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಬಿಡಿ, ತಡ ಮಾಡಬೇಡಿ’ ಅಂದ ಮೇಲಿನದು.

ಯಾವ ಕಾರಣಕ್ಕೆ ಹೊರಟರೂ ಹಿಂದಿನ ರಾತ್ರಿ ಚರ್ಚೆಯಾಗುವುದು ಬಸ್ಸಿನ ಬಗ್ಗೆ, ಘಾಟಿಯ ಬಗ್ಗೆ, ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎನ್ನುವ ಬಗ್ಗೆ. ರೂಮಿನ ಮಾತು ಬಂದರೆ ಹಿರಿಯರೊಬ್ಬರು ‘ಹೋದ್ಮೇಲೆ ನೋಡಿದ್ರಾಯ್ತು ಬಿಡ್ರಪ್ಪ’ ಎಂದುಬಿಡುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆ ಒಂದು ಮಾತಿನಿಂದ ನಮ್ಮ ಕಡೆಯ ಜನ ಪಡುವ ಪಾಡು ಸಣ್ಣದಲ್ಲ. ಗುರುತಿಲ್ಲದ ಊರಲ್ಲಿ, ಬೆವರುವ ಸೆಕೆಯಲ್ಲಿ, ಬ್ಯಾಗು ಹೊತ್ತುಕೊಂಡು, ಜೊತೆಗೊಬ್ಬ ಕಾಯಿಲೆಯವರನ್ನು ಕೂರಿಸಿಕೊಂಡು ಆಟೋದಲ್ಲಿ ಲಾಡ್ಜಿಂದ ಲಾಡ್ಜಿಗೆ ಅಲೆಯುವುದು ಯಾರಿಗೂ ಬೇಡ. ನಾನು ಹೇಳುವುದು ಇಷ್ಟೇ: ಮಾರನೇ ದಿನ ಬೆಳಿಗ್ಗೆ ಎದ್ದ ಕೂಡಲೇ ನಿಮಗೆ ಎಲ್ಲಿ ಕೆಲಸವಿದೆಯೋ ಅದರ ಮಗ್ಗುಲಲ್ಲೇ ರೂಮು ಮಾಡಿ. ಬಾಡಿಗೆ ನೂರು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ, ಕಿಟಕಿಯಿಂದ ಸಮುದ್ರ ಕಾಣದಿದ್ದರೂ ಪರವಾಗಿಲ್ಲ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಡಾಕ್ಟರು ಚೀಟಿಯಲ್ಲಿ ಬರೆದದ್ದು ಮಂಗಳೂರೋ ಮಣಿಪಾಲವೋ? ನಮ್ಮಲ್ಲಿ ಹಲವರಿಗೆ ಕೆಎಂಸಿ ಎಂದರೆ ಒಂದೇ ಆಸ್ಪತ್ರೆ. ಆದರೆ ಟಿ.ಎಂ.ಎ. ಪೈ ಅವರು 1953ರಲ್ಲಿ ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಹೆಸರಲ್ಲಿ ಮಣಿಪಾಲದಲ್ಲೂ ಆಸ್ಪತ್ರೆ ಇದೆ, ಮಂಗಳೂರಿನಲ್ಲೂ ಇದೆ. ಎರಡರ ನಡುವೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮಣಿಪಾಲದ ಚೀಟಿ ಹಿಡಿದವರು ಆಗುಂಬೆ ಇಳಿದು ಹೆಬ್ರಿ ದಾಟಿ ಅಲ್ಲೇ ಇಳಿದುಕೊಳ್ಳಬೇಕು. ಮಣಿಪಾಲದಲ್ಲಿ ರೂಮು ಸಿಗದಿದ್ದರೆ ಐದು ಕಿಲೋಮೀಟರ್ ಆಚೆ ಉಡುಪಿ ಇದೆ, ಮಠದ ಸುತ್ತಮುತ್ತ ಸಾಧಾರಣ ದರದ ವಸತಿಗಳಿವೆ. ಒಂದೇ ಎಚ್ಚರಿಕೆ: ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ ಪರ್ಯಾಯ ನಡೆಯುತ್ತದೆ. ಆ ವಾರ ಉಡುಪಿಯಲ್ಲಿ ರೂಮಿನ ಆಸೆಯನ್ನೇ ಬಿಡಬೇಕು.

ಇನ್ನು ಮಂಗಳೂರು. ಸಮುದ್ರದ ಊರು ಎಂದು ಕೇಳಿಕೊಂಡು ಬಂದವರು ಪೇಟೆಯ ಮಧ್ಯೆ ನಿಂತು ‘ಸಮುದ್ರ ಎಲ್ಲಿ?’ ಎಂದು ಹುಡುಕುತ್ತಾರೆ. ಹಳೇ ಪೇಟೆ ನೇರವಾಗಿ ಕಡಲಿಗೆ ಮುಖ ಮಾಡಿಲ್ಲ. ತೆಂಕಲಿಂದ ನೇತ್ರಾವತಿ, ಬಡಗಲಿಂದ ಗುರುಪುರ ಹೊಳೆ ಬಂದು ಊರಿನ ಪಡುವಲಲ್ಲಿ ಒಂದಾಗಿ ಅಳಿವೆ ಸೇರುತ್ತವೆ. ಊರಿಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳಿನ ಪಟ್ಟಿ ಅಡ್ಡ ಮಲಗಿದೆ. ಬಂದರ್‌ನ ಹಳೇ ದಕ್ಕೆಯಲ್ಲಿ ನಿಂತರೆ ಎದುರಿಗಿರುವುದು ಹೊಳೆಯ ನೀರು. ಅಲೆ ಬೇಕಿದ್ದರೆ ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು, ಸುರತ್ಕಲ್ ಕಡೆ ಹೋಗಬೇಕು. ಇಲ್ಲದಿದ್ದರೆ ನೇತ್ರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಉಳ್ಳಾಲ, ಸೋಮೇಶ್ವರಕ್ಕೆ ಹೋಗಬೇಕು. ನಡುವಿನ ಊರೋ, ಗುಡ್ಡದ ಮೇಲೊಂದು ಬೀದಿ, ಗುಡ್ಡದ ಕೆಳಗೊಂದು ಬೀದಿ. ಲೈಟ್‌ಹೌಸ್ ಹಿಲ್, ಬಲ್ಮಠ, ಕದ್ರಿ ಎಲ್ಲ ಏರು. ಬಯಲಿನಲ್ಲಿ ನಡೆದು ಅಭ್ಯಾಸವಾದ ನಮಗೆ ಮೊಬೈಲಿನಲ್ಲಿ ಒಂದು ಕಿಲೋಮೀಟರ್ ಎಂದು ಕಂಡದ್ದು ಕಾಲಿಗೆ ಎರಡಾಗಿ ತೋರುತ್ತದೆ. ಮಂಡಿ ನೋವಿನ ಅಮ್ಮನನ್ನು ಕರೆದುಕೊಂಡು ಹೋದವರು ಇದನ್ನು ಮರೆಯಬಾರದು.

ಚನ್ನಗಿರಿ ಪಟ್ಟಣಕ್ಕೆ ರೈಲಿಲ್ಲ. ಶಿವಮೊಗ್ಗಕ್ಕೆ ಹೋದರೂ ಅಲ್ಲಿಂದ ಘಟ್ಟ ಇಳಿಯುವ ಹಳಿ ಇಲ್ಲ. ಹಾಗಾಗಿ ನಮ್ಮ ದಾರಿ ರಸ್ತೆಯೇ. ಆಗುಂಬೆಯಲ್ಲಿ 14 ತಿರುವು. ಭಾರಿ ವಾಹನ ಬಿಡುವುದಿಲ್ಲ, ಮಿನಿ ಬಸ್ಸೇ ಗತಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ನಿಲ್ಲುತ್ತದೆ. ಉಡುಪಿ ಮೇಲೆ ಬಂದ ಬಸ್ಸು ಸುರತ್ಕಲ್, ಕೂಳೂರು, ಕೊಟ್ಟಾರ ಚೌಕಿ ದಾಟಿ ಊರೊಳಗೆ ಬರುತ್ತದೆ. ಕಾರ್ಕಳ, ಮೂಡುಬಿದಿರೆ ಮೇಲೆ ಬಂದದ್ದು ನಂತೂರಿನಲ್ಲಿ ಹೆದ್ದಾರಿ ಸೇರುತ್ತದೆ. ಸರ್ಕಾರಿ ಬಸ್ಸು ಕೊನೆಗೆ ನಿಲ್ಲುವುದು ಬಿಜೈಯಲ್ಲಿ. ಖಾಸಗಿ ಸರ್ವಿಸ್ ಬಸ್ಸು, ಸಿಟಿ ಬಸ್ಸು ನಿಲ್ಲುವುದು ಸ್ಟೇಟ್‌ಬ್ಯಾಂಕಿನಲ್ಲಿ. ಅದು ಹಂಪನಕಟ್ಟೆಯ ಕೆಳಗಿರುವ ಬಸ್ ಸ್ಟ್ಯಾಂಡಿನ ಹೆಸರು, ಕಂಡಕ್ಟರ್ ಕೂಗಿದಾಗ ಗಾಬರಿಯಾಗಬೇಡಿ. ಎರಡರ ನಡುವೆ ಎರಡು ಮೂರು ಕಿಲೋಮೀಟರ್. ರೈಲಿನಲ್ಲಿ ಬರುವ ನೆಂಟರಿದ್ದರೆ ಮಂಗಳೂರು ಸೆಂಟ್ರಲ್ಲೋ ಜಂಕ್ಷನ್ನೋ ಎಂದು ಕೇಳಿಟ್ಟುಕೊಳ್ಳಿ. ಸೆಂಟ್ರಲ್ ಪೇಟೆಯೊಳಗಿದೆ, ಜಂಕ್ಷನ್ ಇರುವುದು ಪಡೀಲಿನಲ್ಲಿ. ಸಿಟಿ ಬಸ್ಸುಗಳು ರಾತ್ರಿ ಒಂಬತ್ತರ ಹೊತ್ತಿಗೆ ವಿರಳವಾಗುತ್ತವೆ. ಹತ್ತರ ನಂತರ ಆಟೋದವರು ಒಂದೂವರೆ ಪಟ್ಟು ಕೇಳುತ್ತಾರೆ. ದೂರದಲ್ಲಿ ಅಗ್ಗದ ರೂಮು ಹಿಡಿದವರ ಉಳಿತಾಯ ಕರಗುವುದು ಈ ಆಟೋ ಬಾಡಿಗೆಯಲ್ಲೇ.

ಆಸ್ಪತ್ರೆಗೆ ಹೋಗುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. ವೆನ್ಲಾಕ್ ಆಸ್ಪತ್ರೆ 1848ರಿಂದ ಇದೆ. ಜಿಲ್ಲೆಯ ಈ ಸರ್ಕಾರಿ ಆಸ್ಪತ್ರೆ ಹಂಪನಕಟ್ಟೆಯಲ್ಲೇ, ಸೆಂಟ್ರಲ್ ಸ್ಟೇಷನ್ನಿಗೆ ಹತ್ತಿರದಲ್ಲಿದೆ. ಅತ್ತಾವರದ ಮತ್ತು ಜ್ಯೋತಿ ಸರ್ಕಲ್ಲಿನ ಕೆಎಂಸಿಗಳೂ ಹೆಚ್ಚು ದೂರವಿಲ್ಲ. ಇವುಗಳಿಗೆ ಬಂದವರು ಹಂಪನಕಟ್ಟೆ, ಅತ್ತಾವರ, ಫಳ್ನೀರ್ ಕಡೆ ರೂಮು ನೋಡಬೇಕು. ಫಾದರ್ ಮುಲ್ಲರ್ ಇರುವುದು ಕಂಕನಾಡಿಯಲ್ಲಿ. ಅಗಸ್ಟಸ್ ಮುಲ್ಲರ್ ಎಂಬ ಪಾದ್ರಿಯೊಬ್ಬರು 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡುತ್ತಾ ಶುರು ಮಾಡಿದ್ದು ಈಗ ಅಷ್ಟು ದೊಡ್ಡ ಆಸ್ಪತ್ರೆಯಾಗಿದೆ. ಅಲ್ಲಿಗೆ ಬಂದವರಿಗೆ ಕಂಕನಾಡಿ ಅಥವಾ ಪಂಪ್‌ವೆಲ್ ಸರಿ. ಎ.ಜೆ. ಆಸ್ಪತ್ರೆ ಕುಂಟಿಕಾನದ ಹೆದ್ದಾರಿ ಬದಿಯಲ್ಲಿದೆ. ಅದಕ್ಕೆ ಬಿಜೈ ಕಡೆಯ ಲಾಡ್ಜುಗಳು ಅನುಕೂಲ.

ಹೆಚ್ಚು ಜನ ತಪ್ಪುವುದು ದೇರಳಕಟ್ಟೆಯ ವಿಷಯದಲ್ಲಿ. ಕೆ.ಎಸ್. ಹೆಗ್ಡೆ, ಯೇನೆಪೋಯ, ಕಣಚೂರು ಆಸ್ಪತ್ರೆಗಳು ‘ಮಂಗಳೂರು’ ಎಂದೇ ಹೆಸರಾಗಿದ್ದರೂ ಇರುವುದು ನೇತ್ರಾವತಿಯ ಆಚೆ, ತೊಕ್ಕೊಟ್ಟಿನಿಂದ ಒಳಗೆ, ಪೇಟೆಯಿಂದ ಹತ್ತು ಕಿಲೋಮೀಟರ್ ಆಚೀಚೆ. ಬೆಳಿಗ್ಗೆ ಪಂಪ್‌ವೆಲ್ಲಿನ ದಟ್ಟಣೆ ದಾಟಿ, ಸೇತುವೆ ದಾಟಿ ಅಲ್ಲಿಗೆ ಮುಟ್ಟುವುದರಲ್ಲಿ ಟೋಕನ್ ಸಾಲು ಬೆಳೆದಿರುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ ಸಕ್ಕರೆ ಕಾಯಿಲೆಯವರನ್ನು ಹೀಗೆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ಎಷ್ಟು ಕಷ್ಟ ಎಂಬುದು ಹೋದವರಿಗೇ ಗೊತ್ತು. ದೇರಳಕಟ್ಟೆಗೆ ಬರೆದುಕೊಟ್ಟಿದ್ದರೆ ತೊಕ್ಕೊಟ್ಟಿನಲ್ಲೋ ದೇರಳಕಟ್ಟೆಯಲ್ಲೋ ಉಳಿಯಿರಿ. ವಿದ್ಯಾರ್ಥಿಗಳು ತುಂಬಿರುವ ಜಾಗವಾದ್ದರಿಂದ ವಾರದ ಲೆಕ್ಕದಲ್ಲಿ ಕೊಡುವ ರೂಮುಗಳೂ ಅಲ್ಲಿ ಸಿಗುತ್ತವೆ. ಅಡುಗೆ ಮಾಡಿಕೊಳ್ಳಲು ಜಾಗ ಇರುವಂಥದು ಸಿಕ್ಕರೆ ಬಿಡಬೇಡಿ. ಗಂಜಿ ಕಾಯಿಸಿಕೊಳ್ಳುವಷ್ಟು ಅನುಕೂಲವಿದ್ದರೂ ರೋಗಿಗೆ ಅರ್ಧ ಜೀವ ಬಂದಂತೆ.

ಬೆಳಗಿನ ಜಾವ ಐದಕ್ಕೆ ಬಸ್ಸಿಳಿದು ಲಾಡ್ಜಿನ ಕೌಂಟರಿಗೆ ಬಂದಾಗ ನಡೆಯುವುದನ್ನು ನೋಡಿ. ಮೇಜಿನ ಹಿಂದೆ ಮಲಗಿದ್ದ ಹುಡುಗ ಎದ್ದು ಕಣ್ಣುಜ್ಜಿಕೊಳ್ಳುತ್ತಾ ಉದ್ದನೆಯ ರಿಜಿಸ್ಟರ್ ತೆರೆದು, ‘ಎಷ್ಟು ಜನ ಉಂಟು? ಆಧಾರ್ ಕೊಡಿ’ ಎನ್ನುತ್ತಾನೆ. ಹೆಸರು, ಊರು, ಬಂದ ಕಾರಣ ಬರೆಸಿಕೊಂಡು, ಮುಂಗಡ ಎಣಿಸಿಕೊಂಡು, ಕೀಲಿ ಕೊಡುವಾಗ ‘ಚೆಕ್‌ಔಟ್ ಹನ್ನೆರಡಕ್ಕೆ’ ಎಂದು ಸೇರಿಸುತ್ತಾನೆ. ‘ನಾಳೆ ಇಷ್ಟೊತ್ತಿನ ತನಕ ನಮ್ದೇ ಅಲ್ವೇನ್ರೀ?’ ಎಂದು ನಮ್ಮವರು ಕೇಳುವುದು ಆಗ. ‘ಇಲ್ಲ, ಇವತ್ತು ಮಧ್ಯಾಹ್ನ ಹನ್ನೆರಡು.’ ಏಳು ಗಂಟೆ ಮಲಗಿದ್ದಕ್ಕೆ ಒಂದು ದಿನದ ಬಾಡಿಗೆ, ಮಧ್ಯಾಹ್ನದಿಂದ ಇನ್ನೊಂದು ದಿನದ್ದು. ಹಣ ಕೊಟ್ಟಾದ ಮೇಲೆ ಜಗಳವಾಡಿ ಫಲವಿಲ್ಲ. ರಾತ್ರಿ ಬಸ್ಸಿಗೆ ಬರುವವರು ಫೋನಿನಲ್ಲೇ ಕೇಳಬೇಕಾದ ಮೊದಲ ಪ್ರಶ್ನೆ ‘ನಿಮ್ಮಲ್ಲಿ 24 ಗಂಟೆ ಲೆಕ್ಕವೋ, ಹನ್ನೆರಡರ ಲೆಕ್ಕವೋ?’ ಎಂಬುದು. ಬಸ್ ಸ್ಟ್ಯಾಂಡಿನ ಹತ್ತಿರದ ಹಳೇ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇನ್ನೂ ಇರುವುದುಂಟು. ಎರಡನೇ ಪ್ರಶ್ನೆ ‘ಟ್ಯಾಕ್ಸ್ ಸೇರಿ ಎಷ್ಟು?’ ಎಂಬುದು. ಸಾವಿರ ರೂಪಾಯಿಯೊಳಗಿನ ರೂಮುಗಳಿಗಿದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ಕ್ಕೆ ಹೋಯಿತು. ಆಮೇಲೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೇ ದರ ಕಂಡರೆ ಕೇಳುವ ಹಕ್ಕು ನಿಮಗಿದೆ. ಮೂರನೆಯದು ಲಿಫ್ಟು. ಆಪರೇಷನ್ ಆಗಿ ಬಿಡುಗಡೆಯಾದವರನ್ನು ಮೂರನೇ ಮಹಡಿಗೆ ಹತ್ತಿಸುವುದಕ್ಕೆ ಯಾರ ಕೈಯಲ್ಲೂ ಆಗುವುದಿಲ್ಲ.

ರೂಮಿನೊಳಗೆ ಕಾಲಿಟ್ಟ ಮೇಲೂ ನೋಡಬೇಕಾದ್ದಿದೆ. ಜಗಳೂರಿನ ಒಣ ಬಿಸಿಲು ಕಂಡವರು ‘ಮಂಗಳೂರಲ್ಲಿ 34 ಡಿಗ್ರಿ ತಾನೇ’ ಎಂದುಕೊಂಡು ಬರುತ್ತಾರೆ. ನಮ್ಮಲ್ಲಿ ಬೆವರು ಬಂದ ಹಾಗೇ ಆರಿ ಮೈ ತಣ್ಣಗಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ. ಅದಕ್ಕೇ ಅಲ್ಲಿನ 34 ನಮ್ಮ 38ಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ. ಹಗಲು ಹೊತ್ತು ಏರಿದಂತೆ ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಪಡುವಣ ಕಿಟಕಿಯಿರುವ ರೂಮಿಗೆ ಆ ಗಾಳಿ ಸಿಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಕಿಟಕಿಯೇ ಇಲ್ಲದ ರೂಮನ್ನು ಅಗ್ಗವೆಂದು ಹಿಡಿದರೆ ರಾತ್ರಿಯಿಡೀ ಎದ್ದು ಕೂರಬೇಕಾಗುತ್ತದೆ. ಕಾಯಿಲೆಯವರು, ಎಳೆ ಮಕ್ಕಳು ಜೊತೆಗಿದ್ದರೆ ಆ ತಿಂಗಳುಗಳಲ್ಲಿ ಎಸಿಗೆ ಕೊಟ್ಟ ದುಡ್ಡು ದಂಡವಲ್ಲ. ಜೂನ್‌ನಿಂದ ಇನ್ನೊಂದು ಕಥೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗೋಡೆಗೆ ಕೈಯಿಟ್ಟು ನೋಡಿ, ಹಾಸಿಗೆ ಮೂಸಿ ನೋಡಿ. ಮುಗ್ಗುಲು ವಾಸನೆ ಇದ್ದರೆ ಬೇರೆ ರೂಮು ಕೇಳಿ. ದಮ್ಮಿನ ಕಾಯಿಲೆ ಇರುವವರಿಗೆ ಅಂಥ ರೂಮು ಆಗಿಬರುವುದಿಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಒಣಗದು, ಅದಕ್ಕೆ ತಕ್ಕ ಹಾಗೆ ಬಟ್ಟೆ ತುಂಬಿಕೊಳ್ಳಿ. ಇಷ್ಟು ಮಳೆಯ ಊರಿಗೂ ಬೇಸಿಗೆಯಲ್ಲಿ ನೀರಿನ ಕಷ್ಟ ಬರುತ್ತದೆ. ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. ಹೊಳೆ ಸೊರಗಿದ 2019 ಮತ್ತು 2023ರ ಬೇಸಿಗೆಯಲ್ಲಿ ನೀರನ್ನು ಸರದಿಯ ಮೇಲೆ ಕೊಡಬೇಕಾಯಿತು. ಏಪ್ರಿಲ್, ಮೇಯಲ್ಲಿ ಹೋಗುವವರು ‘ನೀರು ಇಡೀ ದಿನ ಬರುತ್ತದೆಯೇ’ ಎಂದು ಕೇಳಿಯೇ ರೂಮು ಹಿಡಿಯಬೇಕು.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೋಟೆಲಿನಲ್ಲಿ ‘ಕುಚ್ಚಲಕ್ಕಿಯೋ, ಬೆಳ್ತಿಗೆಯೋ?’ ಎಂದು ಕೇಳಿದರೆ ಬೆಳ್ತಿಗೆ ಎನ್ನಿ, ನಮ್ಮ ಬಿಳಿ ಅನ್ನ ಬರುತ್ತದೆ. ಆದರೆ ಹೊಟ್ಟೆ ಕೆಟ್ಟವರಿಗೆ ಕುಚ್ಚಲಕ್ಕಿ ಗಂಜಿಯಂಥ ಪಥ್ಯ ಇನ್ನೊಂದಿಲ್ಲ. ಮೀನೂಟದ ಆಸೆಯಿಂದ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದನ್ನು ನೆನಪಿಡಿ. ಆಗ ಮೀನು ಕಡಿಮೆ, ದರ ಹೆಚ್ಚು.

ಬರೀ ಸಮುದ್ರಕ್ಕಾಗಿ, ಮಕ್ಕಳ ಖುಷಿಗಾಗಿ ಹೋಗುವವರಿಗೆ ನನ್ನ ಸಲಹೆ ಬೇರೆ. ಅವರಿಗೆ ಬೆಳಗಿನ ಮೊದಲ ಕೆಲಸವೇ ಕಡಲು. ಅಂಥವರು ಹಂಪನಕಟ್ಟೆಯಲ್ಲಿ ಉಳಿದು ದಿನಾ ಬಸ್ಸು ಹತ್ತಬಾರದು. ಸುರತ್ಕಲ್ ಕಡೆಗೋ ಉಳ್ಳಾಲದ ಕಡೆಗೋ ಹೋಗಿ ಇರಬೇಕು. ಇನ್ನೂ ಶಾಂತವಾದ ತೀರ ಬೇಕಿದ್ದರೆ ಉಡುಪಿ ಜಿಲ್ಲೆಯ ಪಡುಬಿದ್ರಿ ಇದೆ. 2020ರಲ್ಲಿ ಅಲ್ಲಿನ ತೀರಕ್ಕೆ ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಸೂಳೆಕೆರೆಯಲ್ಲಿ ಈಜು ಕಲಿತ ಹುಡುಗರು ಕಡಲೂ ಹಾಗೇ ಎಂದುಕೊಳ್ಳುತ್ತಾರೆ. ಸೋಮೇಶ್ವರದ ಬಂಡೆಗಳ ನಡುವಿನ ಸೆಳೆತ ಎಷ್ಟೋ ಜೀವ ತೆಗೆದಿದೆ. ಕೆಂಪು ಬಾವುಟ ಕಂಡಲ್ಲಿ, ಮಳೆಗಾಲದಲ್ಲಿ ಎಲ್ಲೇ ಆಗಲಿ, ನೀರಿಗಿಳಿಯಬೇಡಿ. ನವರಾತ್ರಿಯಲ್ಲಿ ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯಲ್ಲಿ ನಡೆಯುವ ಮಂಗಳೂರು ದಸರಾ ನೋಡಲೆಂದೇ ಹೋಗುವುದಾದರೆ ತಿಂಗಳ ಮೊದಲೇ ರೂಮು ಹೇಳಿಡಬೇಕು. ಮಗಳು ಮೂಡುಬಿದಿರೆಯಲ್ಲಿದ್ದರೆ ಮಂಗಳೂರಿಗೆ ಹೋಗುವ ಅಗತ್ಯವೇ ಇಲ್ಲ. ಮೂಡುಬಿದಿರೆಯಲ್ಲೇ ಉಳಿದು, ಅವಳನ್ನು ಕರೆದುಕೊಂಡು ಸಾವಿರ ಕಂಬದ ಬಸದಿ ನೋಡಿ ಬನ್ನಿ.

ಈಗ ನಮ್ಮ ತಾಲ್ಲೂಕುಗಳ ಮಕ್ಕಳು ಇನ್ನೂ ದೂರದ ಕಡಲೂರುಗಳಿಗೂ ಹೋಗುತ್ತಿದ್ದಾರೆ. ಐರ್ಲೆಂಡ್ ಅದರಲ್ಲೊಂದು. ಅಲ್ಲಿನ ಪಶ್ಚಿಮ ಕರಾವಳಿಯ ಗಾಲ್ವೇ ಊರಿನ ನಕ್ಷೆ ತೆರೆದರೆ ನಮ್ಮ ಪ್ರಶ್ನೆಯೇ ಅಲ್ಲೂ ಕಾಣುತ್ತದೆ. ಕಾರಿಬ್ ಎಂಬ ಹೊಳೆ ಊರನ್ನು ಸೀಳಿಕೊಂಡು ಕಡಲಿಗೆ ಸೇರುತ್ತದೆ. ರೈಲು, ಬಸ್ಸು ಬಂದು ನಿಲ್ಲುವುದು ಹೊಳೆಯ ಪೂರ್ವಕ್ಕೆ ಏರ್ ಸ್ಕ್ವೇರ್ ಬಳಿ. ಯೂನಿವರ್ಸಿಟಿ ಇರುವುದು ಹೊಳೆಯ ಪಶ್ಚಿಮ ದಡದಲ್ಲಿ. ಜನ ಸಮುದ್ರ ನೋಡಿಕೊಂಡು ನಡೆದಾಡುವ ಸಾಲ್ಟ್‌ಹಿಲ್ ಇನ್ನೂ ಪಶ್ಚಿಮಕ್ಕಿದೆ. ಜುಲೈನಲ್ಲಿ ಕಲಾ ಉತ್ಸವ, ತಿಂಗಳ ಕೊನೆಗೆ ಕುದುರೆ ಜೂಜು, ಆಗ ರೂಮು ಸಿಗುವುದೂ ಕಷ್ಟ, ಸಿಕ್ಕರೂ ದುಬಾರಿ. ಮಳೆ ಮಂಗಳೂರಿಗಿಂತ ಎಷ್ಟೋ ಕಡಿಮೆ, ಆದರೆ ಬೀಳದ ತಿಂಗಳಿಲ್ಲ. ಓದಲು ಹೋಗುವ ಮಕ್ಕಳಿಗೆ ಅಲ್ಲಿ ‘ಡಿಗ್ಸ್’ ಎಂಬ ಏರ್ಪಾಟು ಸಿಗುತ್ತದೆ, ಅಂದರೆ ಮನೆಯವರ ಜೊತೆಯಲ್ಲೇ ಒಂದು ರೂಮು. ಹಾಗೆ ರೂಮು ಕೊಡುವ ಮನೆಯೊಡೆಯರಿಗೆ ವರ್ಷಕ್ಕೆ 14,000 ಯೂರೋವರೆಗಿನ ಬಾಡಿಗೆಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಇಂಥ ರೂಮು ಕೊಡುವವರಿದ್ದಾರೆ. ಇವುಗಳಲ್ಲಿ ಕೆಲವು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಅಲ್ಲಿನ ಹುಡುಗರು ವಾರದ ಕೊನೆಗೆ ಊರಿಗೆ ಹೋಗುತ್ತಾರೆ. ಚನ್ನಗಿರಿಯ ಹುಡುಗ ಎಲ್ಲಿಗೆ ಹೋಗಬೇಕು? ಒಪ್ಪುವ ಮೊದಲೇ ಅದನ್ನು ಕೇಳಿಸಿ. ರೂಮನ್ನು ಕಣ್ಣಾರೆ ನೋಡದೆ ಮುಂಗಡ ಕಳಿಸಿ ಮೋಸ ಹೋದವರು ಅಲ್ಲಿ ಬಹಳ. ಮೊದಲ ಕೆಲವು ದಿನಕ್ಕೆ ಯೂನಿವರ್ಸಿಟಿಗೆ ನಡೆದು ಹೋಗುವ ದೂರದಲ್ಲೊಂದು ತಾತ್ಕಾಲಿಕ ರೂಮು ಹಿಡಿದು, ಆಮೇಲೆ ತಾನೇ ಓಡಾಡಿ ಹುಡುಕಿಕೊಳ್ಳುವುದು ಕ್ಷೇಮ.

ಮತ್ತೆ ಆಸ್ಪತ್ರೆಯ ಮಾತಿಗೇ ಬರುತ್ತೇನೆ, ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಅದೇ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೋಗಿಗೆ ಹಾಸಿಗೆ ಸಿಗುತ್ತದೆ. ಜೊತೆಗೆ ಬಂದವರ ವಸತಿ ಯಾವ ಕಾರ್ಡಿನಲ್ಲೂ ಇಲ್ಲ. ವಾರ್ಡಿನೊಳಗೆ ಒಬ್ಬರಿಗೆ ಮಾತ್ರ ಪಾಸು. ಉಳಿದವರು ರಾತ್ರಿ ಹೊರಗೆ. ದೊಡ್ಡ ಆಸ್ಪತ್ರೆಗಳ ಮೊಗಸಾಲೆಯಲ್ಲಿ ರಾತ್ರಿ ಹತ್ತರ ಮೇಲೆ ನೋಡಿ: ಗೋಡೆಯ ಉದ್ದಕ್ಕೂ ಪ್ಲಾಸ್ಟಿಕ್ ಚಾಪೆ, ತಲೆಯಡಿಗೆ ಎಕ್ಸ್‌ರೇ ಕವರು ಒಳಗಿಟ್ಟ ಕೈಚೀಲ, ಮಗ್ಗುಲಲ್ಲಿ ಫ್ಲಾಸ್ಕು. ಹೆಂಗಸರು ಸೆರಗು ಮುಖದ ಮೇಲೆಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. ಸ್ನಾನಕ್ಕೆ ಜಾಗವಿಲ್ಲ, ಹಣ ಎಲ್ಲಿಡಬೇಕೆಂದು ತಿಳಿಯದು. ವಾರ ಹತ್ತು ದಿನ ಹೀಗಿದ್ದು ಊರಿಗೆ ಬರುವಾಗ ರೋಗಿಗಿಂತ ಅವರೇ ಸೋತಿರುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಜೊತೆಗಾರರಿಗೆಂದು ಕಡಿಮೆ ದರದ ಡಾರ್ಮಿಟರಿ ಇರುತ್ತದೆ. ಅದನ್ನು ಯಾರೂ ಕರೆದು ಹೇಳುವುದಿಲ್ಲ. ಅಡ್ಮಿಟ್ ಆದ ದಿನವೇ ವಿಚಾರಣೆ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು.

ಜೊತೆಗಾರರಿಗೆ ತಂಗುವ ಜಾಗ ಮಾಡಿಕೊಡುವುದು ನಮ್ಮ ಸೀಮೆಗೆ ಮೀರಿದ ಕೆಲಸವಲ್ಲ. ಹಳ್ಳಿ ಮಕ್ಕಳು ಓದಲಿ ಎಂದು ಸಿರಿಗೆರೆಯ ತರಳಬಾಳು ಮಠದಂಥವು ವಿದ್ಯಾರ್ಥಿ ನಿಲಯ ಕಟ್ಟಿದ್ದರಿಂದಲೇ ನಮ್ಮ ಹಿಂದಿನ ತಲೆಮಾರಿನ ಅದೆಷ್ಟೋ ಜನ ಓದಿದರು. ಅದೇ ಮನಸ್ಸಿನಿಂದ ಈಗ ಜೊತೆಗಾರರ ನಿಲಯವೊಂದು ಬೇಕು. ಅಡಿಕೆಯ ದುಡ್ಡಿನಲ್ಲಿ ಚನ್ನಗಿರಿಯಲ್ಲಿ ತುಮ್‌ಕೋಸ್ ಸಹಕಾರ ಸಂಘ ಬೆಳೆದಿದೆ. ಅದೇ ಅಡಿಕೆಗಾಗಿ ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಇದೆ. ಎರಡೂ ಕಡೆಯ ಬೆಳೆಗಾರರು ಸೇರಿದರೆ ಇಪ್ಪತ್ತು ಮಂಚ, ಹೆಂಗಸರಿಗೆ ಬೇರೆ ಕೋಣೆ, ಬಿಸಿನೀರು, ಸಾಮಾನಿಗೆ ಬೀಗದ ಪೆಟ್ಟಿಗೆ, ಗಂಜಿ ಬೇಯಿಸಲು ಒಂದು ಒಲೆ, ಕನ್ನಡ, ತುಳು ಎರಡೂ ಬಲ್ಲ ಒಬ್ಬ ಮೇಲ್ವಿಚಾರಕ ಇಷ್ಟನ್ನು ಒದಗಿಸುವುದು ಕಷ್ಟವಲ್ಲ. ಒಬ್ಬರಿಗೆ ದಿನಕ್ಕೆ ಐವತ್ತು ರೂಪಾಯಿ ಇಟ್ಟರೂ ಜನ ಸಂತೋಷದಿಂದ ಕೊಡುತ್ತಾರೆ. ಜಾಗ ಹುಡುಕುವಾಗ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ಊರಾಚೆ ಸೈಟು ಹಿಡಿಯಬಾರದು. ವೆನ್ಲಾಕ್‌ನ ವಾರ್ಡಿನಿಂದ ರಾತ್ರಿ ಹನ್ನೊಂದಕ್ಕೆ ಹೊರಬಿದ್ದ ಹೆಂಗಸೊಬ್ಬಳು ಆಟೋ ಕೇಳದೆ, ಬೆಳಕಿರುವ ಬೀದಿಯಲ್ಲೇ ನಡೆದು ಬರುವಷ್ಟು ಹತ್ತಿರದಲ್ಲಿ ಅದು ಇರಬೇಕು. ದೇರಳಕಟ್ಟೆಯವರಿಗೆ ಹೊಳೆಯಾಚೆ ಬೇರೆಯದೇ ಮಾಡಬೇಕು.